ಹಿಮದ ಮೇಲೊಂದು ಕಾಗೆ

ಶಾಲೆಯವರು ನನ್ನ ಕೈಗೆ ಕೊಟ್ಟಿರುವುದು ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ, ತೀರಿಕೊಂಡ ಮೇಡಂ ಅವರದು. ಯಾವುದೋ ಹಳೆಯ ಅರ್ಜಿಯಿಂದ ಕಿತ್ತದ್ದು. ಕಚೇರಿ ಮೊಹರಿನ ಒಂದು ತುಂಡು ಅವರ ಭುಜದ ಮೇಲೆ ಉಳಿದುಕೊಂಡಿದೆ. ಅದನ್ನು ನೋಡಿಕೊಂಡು ದೊಡ್ಡ ಚಿತ್ರ ಬರೆದುಕೊಡಬೇಕು, ಪ್ರಾರ್ಥನೆಯ ಹಾಲಿನಲ್ಲಿ ತೂಗುಹಾಕುತ್ತಾರಂತೆ. ಮುಖ ಸ್ವಲ್ಪ ನಗುತ್ತಿರಲಿ ಎಂದು ಹೆಡ್‌ಮಾಸ್ಟರು ಸೂಚನೆ ಕೊಟ್ಟಿದ್ದಾರೆ. ಮೂಗು ಬಂತು. ಓಲೆ ಬಂತು. ಎಣ್ಣೆ ಹಾಕಿ ಬಿಗಿದು ಕಟ್ಟಿದ ತುರುಬೂ ಬಂತು. ಕಣ್ಣಿಗೆ ಬಂದಾಗ ಕೈ ನಿಂತಿದೆ. ಫೋಟೋದಲ್ಲಿರುವುದು ಸರ್ಕಾರಿ ನೌಕರಿಯ ಕಣ್ಣು, ಯಾರಿಗೆ ಬೇಕಾದರೂ ಹಚ್ಚಬಹುದು. ನನಗೆ ಗೊತ್ತಿರುವ ಅವರ ಕಣ್ಣು ಎರಡು ಥರದವು, ಓದುವಾಗಿನವು ಮತ್ತು ಆಮೇಲಿನವು. ಯಾವುದನ್ನು ಬರೆದರೂ ಇನ್ನೊಂದಕ್ಕೆ ಮೋಸ.

ಅದಕ್ಕೆ ಕುಂಚ ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ. ನಾನು ಡ್ರಾಯಿಂಗ್ ಮೇಷ್ಟ್ರು. ಬರೆದರೆ ನೆನಪು ನೆಟ್ಟಗಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ನೆಟ್ಟಗೆ ಕೂತ ನೆನಪಿನಲ್ಲಿ ಯಾವಾಗಲೂ ನಮ್ಮ ಕೈ ಆಡಿರುತ್ತದೆ. ಹಾಗಾಗಿ ಎಲ್ಲಿ ಕೈ ಆಡಿದೆ ಎಂದು ನನಗೆ ಗುಮಾನಿಯಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ಅವರು ಹೊಸದುರ್ಗದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಆ ಮನೆಯಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ಎಂದು ಸಂತಾಪ ಸಭೆಯಲ್ಲಿ ಬಂದವರೆಲ್ಲ ಹೇಳಿದರು. ಅವರೇ ಅಲ್ಲಿ ಕೂತಿದ್ದರೆ, ಎರಡನೆಯವಳು ಯಾರು ಅಂತ ಯಾರಾದರೂ ಕೇಳಿದೀರಾ ಎಂದು ಎದ್ದು ನಿಲ್ಲುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಹೆಡ್‌ಮಾಸ್ಟರಿಗೂ ಇರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬಸ್ಸಿಗೆ ಕಾಯುವ ನಾವು ಕೆಲವರು ಸ್ಟಾಫ್ ರೂಮಿನಲ್ಲಿ ಉಳಿಯುತ್ತಿದ್ದೆವು. ಆ ವಾರ ತಾವು ಓದಿದ ಪುಸ್ತಕದ ವಿಚಾರಣೆಯನ್ನು ಅವರು ನಡೆಸುತ್ತಿದ್ದುದು ಆಗಲೇ. ವಿಮರ್ಶೆ ಎನ್ನಲಾರೆ, ಬರೆದವನನ್ನು ಮುಂದೆ ನಿಲ್ಲಿಸಿಕೊಂಡು ಕಿವಿ ಹಿಂಡಿದ ಹಾಗೆ ಇರುತ್ತಿತ್ತು. ಅವರು ಕಥೆ ಕಾದಂಬರಿ ಮುಟ್ಟುತ್ತಿರಲಿಲ್ಲ. ಯಾವ ಪುಸ್ತಕ ಮುಂದೆ ಹಿಡಿದರೂ ಅವರದು ಒಂದೇ ಪ್ರಶ್ನೆ.

"ನಡೆದಿದ್ದಾ?"

ನಡೆದಿದ್ದಲ್ಲ ಎಂದರೆ ಪುಸ್ತಕ ಹಿಂದಕ್ಕೆ. ನಡೆದಿದ್ದು ಎಂದರೆ ಓದಿ, ನಡೆದೇ ಇಲ್ಲ ಎಂದು ತೋರಿಸುವ ಹಟ. ಯಾರೋ ದೊಡ್ಡ ಮನುಷ್ಯರು ಬರೆದುಕೊಂಡ ಆತ್ಮಕಥೆಯನ್ನು ಮುಗಿಸಿ ಬಂದ ಶನಿವಾರ, ಇಡೀ ಪುಸ್ತಕದಾಗೆ ಈ ಮನುಷ್ಯಂಗೆ ಒಂದು ದಿನಾನೂ ಹೊಟ್ಟೆ ಕೆಟ್ಟಿಲ್ಲ, ನಾನು ನಂಬೋದೆಂಗೆ ಎಂದರು. ಗೆದ್ದಲಿನ ಬಗ್ಗೆ ಒಂದು ಪುಸ್ತಕ ಓದಿ ಅದನ್ನು ಬರೆದ ವಿಜ್ಞಾನಿಯ ಮೇಲೆ ಸಿಟ್ಟಾಗಿದ್ದರು: ರಾಣಿಗೆ ಮೂರು ಅಧ್ಯಾಯ, ಗೋಡೆ ಕಟ್ಟುವ ಹುಳುವಿಗೆ ಎರಡು ಪ್ಯಾರಾ. ಬರಗಾಲದ ಗಂಜಿಕೇಂದ್ರ ನಡೆಸಿದ ಅಧಿಕಾರಿಯೊಬ್ಬರ ನೆನಪುಗಳನ್ನು ಓದಿದ ವಾರ ಮಾತ್ರ ಏನೂ ಹೇಳಲಿಲ್ಲ. ನಾವು ಒತ್ತಾಯ ಮಾಡಿದ ಮೇಲೆ, "ಅದು ನಡೆದಿದ್ದು" ಎಂದು ಬ್ಯಾಗು ಎತ್ತಿಕೊಂಡು ಹೊರಟುಹೋದರು.

ಮೆಚ್ಚಿದೆ, ಚೆನ್ನಾಗಿದೆ, ಇಂಥ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಇದನ್ನು ಇಲ್ಲಿ ಹೇಳಿಡಬೇಕು, ಮುಂದೆ ಬೇಕಾಗುತ್ತದೆ.

ನಾನು ಓದುತ್ತಿದ್ದದ್ದು ಚಿತ್ರಕಥೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕ್ಲಿಪ್ಪಿಗೆ ನೇತುಹಾಕಿರುತ್ತಿದ್ದ ತೆಳ್ಳನೆಯ ಪುಸ್ತಕಗಳು, ರಾಜರು, ನಾಗಕನ್ಯೆಯರು, ಮುಖವಾಡ ಹಾಕಿದ ಪೊಲೀಸರು. ನನಗೆ ಕಥೆ ಮುಖ್ಯವಲ್ಲ, ಗೆರೆ ನೋಡುತ್ತಿದ್ದೆ. ಅವರಿಗೆ ಅದು ನಾಚಿಕೆಗೇಡು. ಮೀಸೆ ಬಂದವರು ಓದೋದಾ ಮೇಷ್ಟ್ರೇ ಇದು ಎಂದು ಎಲ್ಲರೆದುರು ಕೇಳುತ್ತಿದ್ದರು. ಒಮ್ಮೆ ಮಾತ್ರ, ಕುರಿಗಾಹಿಯೊಬ್ಬ ನಾಗಕನ್ಯೆಯನ್ನು ಮದುವೆಯಾಗುವ ಒಂದು ಚಿತ್ರಕಥೆಯನ್ನು ನನ್ನ ಕೈಯಿಂದ ಕಸಿದು ಎರಡು ಪುಟ ತಿರುವಿದರು.

"ಇವನು ಕುರೀನೇ ನೋಡಿಲ್ಲ ಮೇಷ್ಟ್ರೇ. ಮೇಕೆಗೆ ಉಣ್ಣೆ ಬಳಿದವ್ನೆ."

ನೋಡಿದರೆ ಹೌದು. ಮೇಕೆಯ ಹಾಗೆ ಬಾಲ ಮೇಲಕ್ಕೆತ್ತಿದ ಕುರಿಗಳು, ಎಲ್ಲವೂ.

ಆಮೇಲೆ ಆ ದಿನ. ಅವರು ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಪಾಠದ ಹೆಸರು ಬರೆದು, ಮಕ್ಕಳ ಕಡೆ ತಿರುಗಿ ಏನೋ ಹೇಳಿ, ಮತ್ತೆ ಬೋರ್ಡಿನ ಕಡೆ ತಿರುಗಿದರು. ತಿರುಗಿ ನಿಂತವರು ನಿಂತೇ ಇದ್ದರು. ಆಮೇಲೆ ಮಕ್ಕಳನ್ನು ಕೇಳಿದರು: "ಯಾರೋ ಇದನ್ನ ಗೀಚಿದ್ದು?"

ಬೋರ್ಡಿನ ಮೇಲೆ ಇದ್ದದ್ದು ಅವರದೇ ದುಂಡು ಅಕ್ಷರ. ಬೆಳಕಿನ ವಕ್ರೀಭವನ.

ಯಾರು ಗೀಚಿದ್ದು ಎಂದು ಮತ್ತೆ ಕೇಳಿದರಂತೆ, ಈ ಸಲ ಮೆತ್ತಗೆ. ನಾನು ಕೊನೇ ಬೆಂಚಿನಲ್ಲಿ ಕೂತು ನೋಡಿದಂತೆ ಇದು ನನಗೆ ಕಾಣುತ್ತದೆ. ಅವರ ಸೆರಗಿನ ಮೇಲಿನ ಸೀಮೆಸುಣ್ಣದ ಪುಡಿಯೂ ಕಾಣುತ್ತದೆ. ಆದರೆ ನಾನು ಆಗ ಪಕ್ಕದ ಕೋಣೆಯಲ್ಲಿ ಮಡಕೆ ಬರೆಯುವುದನ್ನು ಕಲಿಸುತ್ತಿದ್ದೆ. ಹಾಗಾದರೆ ಈ ಪುಡಿ ಎಲ್ಲಿಂದ ಬಂತು? ಯಾರೋ ಹೇಳಿದ್ದು, ನಾನು ಬರೆದುಕೊಂಡಿದ್ದು. ನಾನು ಕಣ್ಣಾರೆ ಕಂಡಿದ್ದು ಇಷ್ಟು: ಅವರು ಹೊರಗೆ ಬರುವಾಗ ಬಾಗಿಲ ಚೌಕಟ್ಟಿಗೆ ಬಲಭುಜ ಬಡಿಯಿತು, ಬಾಗಿಲು ಅಲ್ಲಿಗೆ ಹೇಗೆ ಬಂತು ಎನ್ನುವ ಹಾಗೆ ಅವರು ಅದನ್ನು ನೋಡಿದರು.

ದುರ್ಗದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದವರಲ್ಲಿ ನಾನೂ ಇದ್ದೆ. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಮಾತಿಗೆ ಏನೂ ಆಗಿಲ್ಲ, ಕೈಕಾಲು ಸರಿಯಾಗಿವೆ. ಬಲಗಡೆಯ ನೋಟ ಸ್ವಲ್ಪ ಹೋಗಿದೆ. ಬಣ್ಣದ ಹೆಸರು ಬಾಯಿಗೆ ಬರುವುದಿಲ್ಲ. ಮನುಷ್ಯರ ಮುಖ, ಮರ, ಮಂಚ, ಎಲ್ಲ ಕಂಡು ಗುರುತು ಸಿಗುತ್ತದೆ. ಅಕ್ಷರ ಮಾತ್ರ ಇಲ್ಲ. ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಹೀಗೂ ಇರುತ್ತದೆಯೇ ಎಂದು ನಾವು ಮುಖ ಮುಖ ನೋಡಿಕೊಂಡಾಗ ಅವರು ಡಾಕ್ಟರ ಪೆನ್ನು ಇಸಿದುಕೊಂಡು ಚೀಟಿಯ ಹಿಂದೆ ಸರಸರನೆ ಒಂದು ಸಾಲು ಬರೆದರು. ಬರೆದದ್ದನ್ನು ಡಾಕ್ಟರ ಕಡೆ ತಳ್ಳಿದರು.

"ನಾನು ಏನು ಬರ್ದೀನಿ ಓದ್ರಿ."

ಡಾಕ್ಟರು ಓದಿದರು: ನನಗೆ ಓದಲು ಬರುವುದಿಲ್ಲ.

ಆ ಚೀಟಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಯಾರೋ ತಮ್ಮ ಮೇಲೆ ಕೊಟ್ಟ ದೂರು ಅದು, ಅದರಲ್ಲೇನಿದೆ ಎಂದು ತಮಗೇ ತಿಳಿಯದು, ಎನ್ನುವ ಹಾಗೆ. ಇದು ನಾನು ನೋಡಿದ್ದು. ಇದರಲ್ಲಿ ನನ್ನ ಕೈ ಆಡಿಲ್ಲ.

ಕೆಲಸ ಹೋಯಿತು. ಹೊಸದುರ್ಗದ ಬಾಡಿಗೆ ಮನೆ ಬಿಟ್ಟು ಹಿರಿಯೂರಿನ ತಮ್ಮನ ಮನೆಗೆ ಹೋದರು. ತಮ್ಮ ಕುರಿ ವ್ಯಾಪಾರದ ಮೇಲೆ ಊರೂರು ತಿರುಗುವವನು; ಮನೆಯಲ್ಲಿ ತಮ್ಮನ ಹೆಂಡತಿ. ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಎಲ್ಲ ಭಾನುವಾರ ಅಲ್ಲ. ನೆನಪಿನಲ್ಲಿ ಎಲ್ಲ ಭಾನುವಾರವೂ ಹೋಗಿದ್ದೇನೆ, ನಿಜದಲ್ಲಿ ಹೋಗಿರಲಿಕ್ಕಿಲ್ಲ.

ಮೊದಲ ಸಲ ಹೋದಾಗ ಒಂದು ದಪ್ಪ ಪುಸ್ತಕ ಅವರ ತೊಡೆಯ ಮೇಲಿತ್ತು. ಕಾಯಿಲೆಗೆ ಮುಂಚೆ ಓದುತ್ತಿದ್ದದ್ದು. ಹವೆ ಅಳೆಯಲೆಂದು ದಕ್ಷಿಣದ ಹಿಮದ ದೇಶಕ್ಕೆ ಹೋಗಿ ಸಿಕ್ಕಿಹಾಕಿಕೊಂಡ ಕೆಲವು ಜನರ ಸಂಗತಿ. ಬರಬೇಕಾದ ಹಡಗು ಬರಲಿಲ್ಲ, ಸೌದೆ ತೀರಿತು, ಹಿಟ್ಟು ತೀರುತ್ತ ಬಂತು. ಅವರಲ್ಲೊಬ್ಬ ಅಡಿಗೆಯವನು, ಬೇಯಿಸಲು ಏನೂ ಇಲ್ಲದಿದ್ದರೂ ದಿನಾ ಒಲೆ ಒರೆಸಿ ಇಡುತ್ತಿದ್ದ, ಒಲೆಯ ಜತೆ ಮಾತಾಡುತ್ತಿದ್ದ. ಕೊನೆಯ ಅಧ್ಯಾಯವೊಂದು ಬಾಕಿ ಇರುವಾಗ ಇವರಿಗೆ ಹೀಗಾಯಿತು. ಅಡಿಗೆಯವನು ಉಳಿದನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಓದಿ ಹೇಳುತ್ತೇನೆ, ಅರ್ಧ ಗಂಟೆಯ ಕೆಲಸ ಎಂದೆ. ಅವರ ಮುಖ ಕೆಟ್ಟಿತು.

"ನಮ್ಮಪ್ಪ ಇನ್ನೊಬ್ರು ಓದಿ ಹೇಳಿದ್ದು ಕೇಳಿ ಹೆಬ್ಬೆಟ್ಟು ಒತ್ತಿದ್ರು. ಅಲ್ಲಿ ಬರೆದಿದ್ದೇ ಬ್ಯಾರೆ. ಕಿವೀಲಿ ಕೇಳಿದ್ದು ಓದಲ್ಲ ಮೇಷ್ಟ್ರೇ. ನೀವು ಓದ್ಕಂಡ್ರೆ ಓದ್ಕಳ್ರಿ, ನನ್ನ ಮುಂದೆ ಬಾಯಿ ಬಿಡಬ್ಯಾಡ್ರಿ."

ತಮ್ಮನ ಹೆಂಡತಿ ಹೈಸ್ಕೂಲು ದಾಟಿದವಳು, ಓದಿ ಹೇಳಲೇ ಎಂದು ಅವಳೂ ಕೇಳಿ ಸೋತಿದ್ದಳು. ಗಂಡ ಮನೆಗೆ ಬಂದಾಗ ಹೇಳುತ್ತಿದ್ದಳಂತೆ, ಅಕ್ಕ ಹಗಲೆಲ್ಲ ಅದೇ ಪುಟ ತೆಗೆದುಕೊಂಡು ಕೂತಿರ್ತಾರೆ, ಪುಟ ಬಿಸಿಯಾದ್ರೆ ಅಕ್ಷರ ಮೇಲೆ ಬರ್ತಾವೆ ಅನ್ನೋ ಹಂಗೆ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಹಿರಿಯೂರಿನ ಬಿಸಿಲು, ಶೀಟು ಹೊದಿಸಿದ ಮನೆ, ಕುರಿ ಉಣ್ಣೆಯ ವಾಸನೆ, ಮಧ್ಯದಲ್ಲಿ ಒಬ್ಬರು ಹಿಮದ ಪುಟವೊಂದನ್ನು ದಿಟ್ಟಿಸುತ್ತ ಕೂತಿರುವುದು.

ದಾರಿ ಸಿಕ್ಕಿದ್ದು ತಟ್ಟೆಯಿಂದ. ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಉಂಡು ಕೈ ತೊಳೆಯಲು ಏಳುವ ಮುಂಚೆ ಅವರ ಬೆರಳು ತಟ್ಟೆಯ ಅಂಚಿನ ಮೇಲೆ ಸುಮ್ಮನೆ ಆಡುತ್ತಿತ್ತು. ಇದ್ದಕ್ಕಿದ್ದಂತೆ, ಇದು ಅವ್ವನ ತಟ್ಟೆ ಎಂದರು. ಅವ್ವನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದರು. ಕಣ್ಣಿಗೆ ಕಾಣದ್ದನ್ನು ಬೆರಳು ಓದಿತ್ತು. ತಮ್ಮನ ಹೆಂಡತಿ ಮನೆಯಲ್ಲಿದ್ದ ತಟ್ಟೆ ಲೋಟ ಚೆಂಬು ಎಲ್ಲ ತಂದು ಸುರಿದಳು. ಅವರು ಒಂದೊಂದರ ಮೇಲೂ ಬೆರಳಾಡಿಸಿ, ಮದುವೆಗೆ ಕೊಟ್ಟವರ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ, ಕೊನೆಗೆ ಚೆಂಬು ತಬ್ಬಿಕೊಂಡು ಅತ್ತರಂತೆ. ಅತ್ತರು ಎನ್ನುವುದು ಅವಳ ಮಾತು. ನನಗೆ ಹೇಳುವಾಗ ಅವರು ಅಳುವಿನ ಸುದ್ದಿ ಎತ್ತಲಿಲ್ಲ.

ಪುಸ್ತಕದ ಅಕ್ಷರ ಬೆರಳಿಗೆ ಸಿಗದಷ್ಟು ಸಣ್ಣದು. ಮಸಿ ಮುಗಿದ ಬಾಲ್‌ಪೆನ್ನಿನಿಂದ ಅದರ ಒಂದು ಪುಟ ಒತ್ತಿ ತಿದ್ದಿ ನೋಡಿದೆ. ಕಾಗದ ಹರಿಯಿತು. ಹರಿಯದ ಕಡೆ ಅವರು ಓದಿದರು, ಆದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಕೈಬಿಟ್ಟಿರುತ್ತಿತ್ತು. ಮತ್ತೆ ಮೊದಲಿಂದ. ಒಂದೇ ಸಾಲಿನಲ್ಲಿ ಹೀಗೆ ಸುತ್ತಿ ಸುತ್ತಿ ಬೆವರಿ ಪುಸ್ತಕವನ್ನು ಎಸೆದರು. ಎಸೆದ ಪುಸ್ತಕ ನನ್ನ ಚೀಲದ ಪಕ್ಕ ಬಿತ್ತು. ಚೀಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಚಿತ್ರಕಥೆ ಇತ್ತು. ಅದರ ಅಕ್ಷರ ದಪ್ಪ. ಮಾತಿನ ಒಂದೊಂದು ಗುಳ್ಳೆಯಲ್ಲಿ ನಾಲ್ಕೈದು ಪದ, ಅಷ್ಟೇ.

ಮೀಸೆ ಬಂದವರ ವಿಷಯ ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಗುಳ್ಳೆಯೊಳಗಿನ ಮಾತನ್ನೆಲ್ಲ ಒಣ ಪೆನ್ನಿನಿಂದ ಒತ್ತಿ ತಿದ್ದಿ ಮುಂದಿನ ಸಲ ಕೊಟ್ಟೆ.

ಹೀಗೆ ಅವರು ಚಿತ್ರಕಥೆ ಓದಲು ಶುರು ಮಾಡಿದರು, ಭಾನುವಾರದ ವಿಚಾರಣೆಯನ್ನೂ ಶುರು ಮಾಡಿದರು. ಕೇಳುವವನು ನಾನೊಬ್ಬನೇ. ರಾಜನ ಕಥೆಯೊಂದನ್ನು ಮುಗಿಸಿ, ಈ ರಾಜಂಗೆ ಮಗ ಸತ್ತಾಗ್ಲೂ ಅದೇ ಮುಖ, ಮಗನ ಮದುವೇಲೂ ಅದೇ ಮುಖ, ಮೀಸೆ ಮಾತ್ರ ಬರೆಯೋಕೆ ಕಲ್ತವ್ನೆ ನಿಮ್ಮೋನು ಎಂದರು. ಚಿತ್ರ ಬರೆಯುವವರೆಲ್ಲ ನಮ್ಮವರು, ಅವರ ತಪ್ಪೆಲ್ಲ ನನ್ನ ಲೆಕ್ಕಕ್ಕೆ. ಮುಖವಾಡದ ಪೊಲೀಸಿನ ಕಥೆಯಲ್ಲಿ ಕಳ್ಳ ಮಹಡಿಯಿಂದ ಹಾರುತ್ತಾನೆ, ಮುಂದಿನ ಚೌಕದಲ್ಲಿ ಕಾರಿನಲ್ಲಿ ಕೂತಿದ್ದಾನೆ. ಅವನ ಮೂಳೆಯ ಗತಿ ಏನು ಎಂದು ವಿಜ್ಞಾನದ ಪಾಠ ಮಾಡಿದರು. ಉಣ್ಣೆ ಬಳಿದ ಮೇಕೆಗಳ ಹಳೆಯ ಕಥೆಯನ್ನು ಮತ್ತೆ ತರಿಸಿಕೊಂಡರು. ಈ ಸಲ ಬಾಲದ ಮಾತಾಡಲಿಲ್ಲ. ಪುಟದ ಮೇಲೆ ಬೆರಳಿಟ್ಟು ಎರಡು ಚೌಕಗಳ ನಡುವಿನ ಬಿಳಿ ಸಂದಿಯನ್ನು ಮೇಲಿಂದ ಕೆಳಕ್ಕೆ ಎಳೆದರು.

"ಈ ಚೌಕದಾಗೆ ಹುಡುಗ ಕುರಿ ಮೇಯಿಸ್ತಾವ್ನೆ. ಈ ಚೌಕದಾಗೆ ಹಾವು ಕಚ್ಚೈತೆ. ಕಚ್ಚಿದ್ದು ಎಲ್ಲಿ?"

ನಡುವಿನಲ್ಲಿ ಎಂದೆ. ಓದುವವರು ಅದನ್ನು ತಾವೇ ತುಂಬಿಕೊಳ್ಳಬೇಕು ಎಂದೂ ಹೇಳಿದೆನೇನೋ, ಮೇಷ್ಟರ ಬುದ್ಧಿ.

"ನನಗೂ ಅಲ್ಲೇ ಆಗಿದ್ದು. ಬೋರ್ಡಿನ ಮೇಲೆ ಬರೆದೆ, ಅದೊಂದು ಚೌಕ. ತಿರುಗಿ ನೋಡಿದೆ, ಅದೊಂದು ಚೌಕ. ನಡುವೆ ನಾನು ಎಲ್ಲಿದ್ದೆ? ಅಲ್ಲಿಗೆ ಹೋಗಿ ಹುಡುಕಿದ್ರೆ ಸಿಗಬೌದು ಅನ್ನಿಸ್ತತೆ. ಅಲ್ಲಿ ಏನೂ ಬರೆದಿಲ್ಲ. ಏನ್ ಮಾಡ್ಲಿ ಹೇಳ್ರಿ."

ಅವರು ನನ್ನನ್ನು ಏನು ಮಾಡಲಿ ಎಂದು ಕೇಳಿದ್ದು ಅದೊಂದೇ ಸಲ. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಅದೇ ದಿನವೋ ಇನ್ನೊಂದು ದಿನವೋ, ನನಗೆ ಅದೇ ದಿನ ಎಂದೇ ಅನಿಸುತ್ತದೆ, ಹಾಗಾಗಿ ಅಲ್ಲದೆಯೂ ಇರಬಹುದು, ಅವರು ಹಿಮದ ಪುಸ್ತಕವನ್ನು ನನ್ನ ಚೀಲದಲ್ಲಿ ತುರುಕಿದರು. ಕೊನೆಯ ಅಧ್ಯಾಯವನ್ನು ಚೌಕದಲ್ಲಿ ಬರೆದುಕೊಂಡು ಬರ್ರಿ ಎಂದರು. ಗುಳ್ಳೆ ಬೇಡ, ಅಕ್ಷರ ಬೇಡ. ಬಣ್ಣವೂ ಬೇಡ, ಹೆಸರು ಬಾಯಿಗೆ ಬರದ ಬಣ್ಣ ಯಾಕೆ. ಗೆರೆ ಸಾಕು. ನಾನು ಹೇಳುವುದೂ ಬರೆಯುವುದೂ ಒಂದೇ ಅಲ್ಲವೇ, ನಾನು ಬೇರೆ ಏನಾದರೂ ಬರೆದುಬಿಟ್ಟರೆ ಎಂದು ಕೇಳಿದೆ.

"ಬಾಯಾಗೆ ಹೇಳೋ ಸುಳ್ಳು ನನಗೆ ಗೊತ್ತಾಗಲ್ಲ. ಚಿತ್ರದಾಗೆ ಹೇಳ್ರಿ ನೋಡಾಣ."

ಮನೆಗೆ ಬಂದು ಅಧ್ಯಾಯ ಓದಿದೆ. ಹಿಟ್ಟು ಮುಗಿಯುತ್ತದೆ. ಇಬ್ಬರು ಸಾಯುತ್ತಾರೆ. ಉಳಿದವರು ಒಲೆ ಬಿಟ್ಟು ಕಡಲ ಕಡೆ ನಡೆಯುತ್ತಾರೆ. ಅಡಿಗೆಯವನು ಒಲೆಯ ಮುಚ್ಚಳವೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಡುತ್ತಾನೆ. ಹಿಮಗಾಳಿ ಹಿಡಿಯುತ್ತದೆ, ತನ್ನ ಕೈ ತನಗೆ ಕಾಣದಷ್ಟು ಬಿಳುಪು. ಆಮೇಲೆ ಗಾಳಿ ನಿಂತಾಗ ಹಡಗು. ಅಡಿಗೆಯವನು ಉಳಿಯುತ್ತಾನೆ. ಓದಿ ಮುಗಿಸಿದಾಗ ನನಗೆ ಎಂಥ ಸಮಾಧಾನವಾಯಿತೆಂದರೆ, ಅವರಿಗೆ ಒಳ್ಳೆಯ ಸುದ್ದಿ ತಲುಪಿಸುವ ಅಂಚೆಯವನು ನಾನೇ ಎನ್ನುವಷ್ಟು.

ಅಧ್ಯಾಯವನ್ನು ಎರಡು ಭಾಗ ಮಾಡಿದೆ. ಮೊದಲ ಕಂತು ಹಿಮಗಾಳಿಯವರೆಗೆ. ನಾನು ನನ್ನ ಕೈಲಾದಷ್ಟು ಚೆನ್ನಾಗಿ ಬರೆದೆ. ಒಲೆ, ಖಾಲಿ ಹಿಟ್ಟಿನ ಡಬ್ಬ, ಗಡ್ಡಕ್ಕೆ ಕಟ್ಟಿದ ಮಂಜು. ಕೊನೆಯ ಹಾಳೆಯಲ್ಲಿ ನನಗೊಂದು ಉಪಾಯ ಹೊಳೆಯಿತು. ತನ್ನ ಕೈ ತನಗೆ ಕಾಣದಷ್ಟು ಬಿಳುಪು ಎಂದರೆ ಅದನ್ನು ಬರೆಯುವುದು ಹೇಗೆ? ಬರೆಯದೆ. ಚೌಕದ ಗೆರೆಯನ್ನೂ ಎಳೆಯಲಿಲ್ಲ. ಹಾಳೆ ಪೂರ್ತಿ ಬಿಳಿ ಬಿಟ್ಟೆ. ಬಹಳ ದಿನಗಳಿಂದ ಚೌಕದ ಕಥೆಗಳನ್ನು ನೋಡುತ್ತ ಇಂಥದ್ದೊಂದು ಮಾಡಬೇಕು ಎಂದು ಒಳಗೊಳಗೇ ಇದ್ದ ಆಸೆ ಅದು. ಬಸ್ಸಿನಲ್ಲಿ ಆ ಖಾಲಿ ಹಾಳೆ ಮುದುಡದ ಹಾಗೆ ಹಿಡಿದುಕೊಂಡು ಹಿರಿಯೂರಿಗೆ ಹೋದೆ.

ಅವರು ಕಿಟಕಿ ಬಳಿ ಕೂತು ಒಂದೊಂದೇ ಹಾಳೆ ನೋಡಿದರು. ಒಲೆಗೆ ಹೊಗೆಕೊಳವೆ ಎಲ್ಲಿ ಎಂದು ಕೇಳಿದರು. ಸತ್ತವರಿಬ್ಬರ ಹಾಳೆಯನ್ನು ಬೇಗ ಮಗುಚಿದರು. ಅಡಿಗೆಯವನ ಕಂಕುಳಿನ ಮುಚ್ಚಳದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಇದ್ದರು. ಆಮೇಲೆ ಕೊನೆಯ ಹಾಳೆ.

ನಾನು ಅವರ ಮೆಚ್ಚುಗೆಗೆ ಕಾಯುತ್ತಿದ್ದೆ.

ಅವರು ಹಾಳೆಯನ್ನು ಎಡಕ್ಕೆ ಸರಿಸಿದರು; ಬಲಗಡೆ ಕಾಣದ್ದರಿಂದ ಯಾವಾಗಲೂ ಹಾಗೆ ಮಾಡುತ್ತಿದ್ದರು. ಇನ್ನೂ ಎಡಕ್ಕೆ ಸರಿಸಿದರು. ಬೆಳಕಿಗೆ ಹಿಡಿದರು. ಹಿಂದುಮುಂದು ಮಾಡಿದರು. ಅಂಗೈಯಿಂದ ಹಾಳೆಯನ್ನು ಒರೆಸಿದರು. ಮತ್ತೆ ನೋಡಿದರು.

"ಇದೂ ಹೋತಾ?" ಎಂದರು. ನನ್ನನ್ನಲ್ಲ, ಹಾಳೆಯನ್ನು ಕೇಳಿದ್ದು.

ನನಗೆ ಅರ್ಥವಾಗಲು ತಡವಾಯಿತು. ಅಕ್ಷರದ ಹಾಗೆ ಚಿತ್ರವೂ ಹೋಯಿತೆಂದು ಅವರು ಹೆದರಿದ್ದರು. ಮೇಡಂ, ಅದು ಹಿಮ, ನಾನೇ ಖಾಲಿ ಬಿಟ್ಟಿದ್ದು, ಅಲ್ಲೇನೂ ಬರೆದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಅಕ್ಷರ ಹೋದಾಗಲೂ ಎಲ್ಲರೂ ಹೀಗೇ ಏನೇನೋ ಹೇಳಿದ್ದರು. ಗದ್ದಲ ಕೇಳಿ ತಮ್ಮನ ಹೆಂಡತಿ ಒಳಗಿಂದ ಬಂದಳು. ಹಾಳೆ ನೋಡಿದಳು.

"ಅಕ್ಕ, ನನಗೂ ಏನೂ ಕಾಣಲ್ಲ. ಖಾಲಿ ಹಾಳೆ ಐತೆ."

"ನೀನು ಸುಮ್ಕಿರು. ನನ್ನ ಸಮಾಧಾನಕ್ಕೆ ಹೇಳ್ತೀಯ. ಇಬ್ರೂ ಕೂಡ್ಕಂಡು ಹೇಳ್ತೀರ."

ಅವರು ಹಾಳೆಯನ್ನು ಮತ್ತೆ ಒರೆಸತೊಡಗಿದರು. ಅವಳು ಆಣೆ ಹಾಕಿದಳು. ಆಣೆಯೂ ಬಾಯಿಮಾತೇ. ಕಿವಿಯಲ್ಲಿ ಬಂದ ಯಾವುದನ್ನೂ ನಂಬದೆ ಬದುಕಿದವರು ಈಗ ಕಿವಿಗೆ ಬಿದ್ದ ಸತ್ಯವನ್ನು ನಂಬುವುದು ಹೇಗೆ? ನಾನು ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ಜೇಬಿನ ಪೆನ್ನು ತೆಗೆದೆ. ಏನು ಬರೆಯಬೇಕೆಂದು ಹೊಳೆಯಲಿಲ್ಲ. ಕಿಟಕಿಯ ಹೊರಗೆ ಕಾಂಪೌಂಡಿನ ಮೇಲೆ ಏನಿತ್ತೋ ಅದು ಕೈಗೆ ಬಂತು. ಬರೆದು ಅವರ ಮುಂದೆ ಹಿಡಿದೆ.

"ಕಾಗೆ" ಎಂದರು.

ತಮ್ಮನ ಹೆಂಡತಿ ಗೋಡೆಗೆ ಒರಗಿದಳು. ಅವರು ಹೆಬ್ಬೆರಳಿನಿಂದ ಕಾಗೆಯನ್ನು ಮುಚ್ಚಿದರು, ತೆಗೆದರು. ಮತ್ತೆ ಮುಚ್ಚಿದರು, ತೆಗೆದರು. ಉಸಿರು ಹಿಡಿತಕ್ಕೆ ಬರುವವರೆಗೆ ಹೀಗೇ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಒಂಬತ್ತನೇ ತರಗತಿಗೆ ಕೇಳಿಸುವ ಗಂಟಲಲ್ಲಿ ಕೇಳಿದರು:

"ಅಲ್ಲಿ ಕಾಗೆ ಎಲ್ಲಿರ್ತಾವೆ ಮೇಷ್ಟ್ರೇ?"

ನಾವು ಮೂವರೂ ನಕ್ಕೆವು ಎಂದು ಬರೆಯಲು ಕೈ ಓಡುತ್ತಿದೆ. ನಾವಿಬ್ಬರು ನಕ್ಕಿದ್ದು ನಿಜವೋ ಅಲ್ಲವೋ ತಿಳಿಯದು. ಅವರು ನಗಲಿಲ್ಲ ಎನ್ನುವುದು ಮಾತ್ರ ಖಂಡಿತ. ಹಿಮದ ದೇಶದಲ್ಲಿ ಯಾವ ಹಕ್ಕಿಗಳಿರುತ್ತವೆ, ಯಾವುವು ಇರುವುದಿಲ್ಲ ಎಂದು ಬೈದರು. ಹೋದ ಜೀವ ಬಂದಂತೆ ಬೈಸಿಕೊಂಡೆ. ಮುಂದಿನದನ್ನು ತರ್ರಿ, ನೋಡಿಕೊಂಡು ಬರೀರಿ ಎಂದರು. ಅಡಿಗೆಯವನು ಉಳಿಯುತ್ತಾನೋ ಎಂದು ಕೇಳಲಿಲ್ಲ. ಆ ಹಾಳೆಯನ್ನು ಮಾತ್ರ ನನಗೆ ವಾಪಸು ಕೊಡಲಿಲ್ಲ.

ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರೆಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮುಂಚೆ, ತೆಗೆದು ನೋಡುತ್ತಿದ್ದರಂತೆ. ಕಾಗೆ ಐತೆ ಎಂದು ತಮ್ಮನ ಹೆಂಡತಿಗೆ ಹೇಳಿ, ಮಡಿಸಿಟ್ಟು, ಆಮೇಲೆ ಕಾಫಿ. ಪ್ರತಿದಿನ ಹೀಗೆ. ಅವರ ದಿನ ಆ ಭಯದಿಂದ ಶುರುವಾಗುವ ಹಾಗೆ ಮಾಡಿದ್ದು ನನ್ನ ಖಾಲಿ ಹಾಳೆ. ಮುಂದೆ ಸಾಗುವ ಹಾಗೆ ಮಾಡಿದ್ದು ಅದರ ಮೇಲಿನ ಕಾಗೆ. ಎರಡನ್ನೂ ಕೂಡಿಸಿ ಕಳೆದು ಏನಾದರೂ ಹೇಳಬಹುದೇ ಎಂದು ನೋಡಿದ್ದೇನೆ. ಬರುವುದಿಲ್ಲ.

ಎರಡನೆಯ ಕಂತು ತಡವಾಯಿತು. ಪರೀಕ್ಷೆಯ ಕೆಲಸವಿತ್ತು. ಹಡಗು ಸರಿಯಾಗಿ ಬರುತ್ತಿರಲಿಲ್ಲ. ನಾನು ಹಡಗು ನೋಡಿದವನಲ್ಲ, ಮೇಕೆಗೆ ಉಣ್ಣೆ ಬಳಿದವನ ಗತಿ ನನ್ನದಾಗುವುದು ಬೇಡವಾಗಿತ್ತು. ಗಾಳಿ ನಿಲ್ಲುವುದು, ದೂರದ ಹೊಗೆ, ದೋಣಿ, ಹಗ್ಗದ ಏಣಿ. ಕೊನೆಯ ಹಾಳೆಯಲ್ಲಿ ಹಡಗಿನ ಕಟಕಟೆ ಹಿಡಿದು ನಿಂತ ಅಡಿಗೆಯವನು, ಕಂಕುಳಲ್ಲಿ ಮುಚ್ಚಳ. ಎಲ್ಲ ಮುಗಿದ ಮೇಲೆ, ಹಡಗಿನ ಕಂಬದ ತುದಿಯಲ್ಲಿ, ಬೇಕೆಂದೇ, ದೊಡ್ಡದಾಗಿ, ಒಂದು ಕಾಗೆ ಬರೆದೆ. ಅವರು ಅದನ್ನು ಕಂಡು ಬೈಯುವ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ನಾನೇ ಆಡಿಕೊಳ್ಳಬಹುದು ಎಂದು.

ಅಷ್ಟರಲ್ಲಿ ತಮ್ಮನ ಹೆಂಡತಿ ಪರಿಚಯದ ಕಂಡಕ್ಟರ ಕೈಯಲ್ಲಿ ಹೇಳಿಕಳಿಸಿದಳು. ಇನ್ನೊಂದು ಸಲ ಆಗಿದೆ, ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ, ಮಾತಾಡುತ್ತಾರೆ, ಬಂದು ಹೋಗಿ.

ನಾನು ಹೋದಾಗ ಅ‍ವರು ಅದೇ ಕಿಟಕಿ ಬಳಿ ಕೂತಿದ್ದರು. ಮುಖ ಬಾಗಿಲ ಕಡೆಗೇ ಇತ್ತು. ನಾನು ಮೇಡಂ ಎಂದ ಮೇಲೆ, ಓ, ಮೇಷ್ಟ್ರಾ, ಬರ್ರಿ, ಕುಂತ್ಕಳ್ರಿ ಎಂದರು. ಅಷ್ಟು ಮರ್ಯಾದೆಯಿಂದ ಅವರು ನನ್ನನ್ನು ಯಾವತ್ತೂ ಕರೆದಿರಲಿಲ್ಲ. ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟೆ. ಒಂದೊಂದನ್ನೂ ಎತ್ತಿ ಮುಖದ ಮುಂದೆ ಹಿಡಿದು, ಒಂದಿಷ್ಟು ಹೊತ್ತು ಇಟ್ಟುಕೊಂಡು, ಕೆಳಗಿಟ್ಟರು. ಹೊಗೆಯ ಹಾಳೆ ತಲೆಕೆಳಗಾಗಿತ್ತು. ಹಾಗೇ ಹಿಡಿದಿದ್ದರು. ಎಡಕ್ಕೆ ಸರಿಸುವುದನ್ನು ಬಿಟ್ಟಿದ್ದರು.

ನನಗೆ ತಡೆಯಲಾಗಲಿಲ್ಲ. ಹಡಗು ಬಂತು ಮೇಡಂ ಎಂದೆ.

"ಬಾಯಾಗೆ ಹೇಳಬ್ಯಾಡ್ರಿ. ನೋಡ್ತಾ ಇದೀನಲ್ಲ."

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನನಗೆ ಸುಮ್ಮನಿರಿ ಎಂದು ಕೈಸನ್ನೆ ಮಾಡಿದಳು. ಏನೂ ಕಾಣದಿರುವುದು ಅವರಿಗೆ ಗೊತ್ತಿದ್ದು ನಮ್ಮಿಂದ ಮುಚ್ಚಿಡುತ್ತಿದ್ದರೋ, ಅಥವಾ ತಾವು ನೋಡುತ್ತಿದ್ದೇವೆ ಎಂದೇ ನಂಬಿದ್ದರೋ, ಅವಳಿಗೂ ತಿಳಿದಿರಲಿಲ್ಲ. ಈಗ ಕಣ್ಣು ಬರೆಯಲು ಕೂತ ನನಗೆ ಬೇಕಿರುವುದೂ ಅದೊಂದೇ. ಅವು ತೆರೆದಿದ್ದವು, ನೆಟ್ಟಗಿದ್ದವು, ಓದುವವರ ಕಣ್ಣಿನಂತೆಯೇ ಪುಟದ ಮೇಲೆ ನಿಧಾನವಾಗಿ ಚಲಿಸುತ್ತಿದ್ದವು.

ಕೊನೆಯ ಹಾಳೆಯನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದರು. ನಾನು ಕಾಯುತ್ತಿದ್ದೆ. ಬೈಯಲಿ ಎಂದು, ಒಂದೇ ಒಂದು ಸಲ ಬೈಯಲಿ ಎಂದು. ಹೊರಗೆ ಯಾರೋ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು, ಆ ಸದ್ದು ಪೂರ್ತಿ ದಾಟಿಹೋಗುವವರೆಗೂ ಅವರು ಹಾಳೆ ಇಳಿಸಲಿಲ್ಲ. ಆಮೇಲೆ ಎಲ್ಲ ಹಾಳೆಗಳನ್ನೂ ಜೋಡಿಸಿ, ಅಂಚು ತಟ್ಟಿ, ನಾನಿದ್ದೇನೆಂದು ಅವರು ಅಂದುಕೊಂಡ ಕಡೆಗೆ ಚಾಚಿದರು.

"ಭಾಳ ಚೆನ್ನಾಗೈತೆ ಮೇಷ್ಟ್ರೇ. ಎಲ್ಲೂ ಏನೂ ತಪ್ಪಿಲ್ಲ."